ಡ್ರಾಯಿಂಗ್ ಮೇಷ್ಟ್ರ ಮುಂಗಾಲಿನ ಪಾಠ

ಸಂಕ್ರಾಂತಿಯ ಮರುದಿನ, ಬೆಳಿಗ್ಗೆ ಆರೂವರೆ. ಸ್ಥಳ, ಶಿಕಾರಿಪುರದ ನಮ್ಮ ಬೀದಿ. ಹಾಜರಿದ್ದವರು ನಾನು, ಬಾಡಿಗೆ ವ್ಯಾನಿನ ಚಾಲಕ, ಮತ್ತು ಕೆಂಚಿ ಎಂಬ ಮುಧೋಳ ತಳಿಯ ಹೆಣ್ಣುನಾಯಿ. ಗೈರುಹಾಜರಾಗಿದ್ದವರು ನಾಯಿಯನ್ನು ಸಾಕುತ್ತಿದ್ದ ಡ್ರಾಯಿಂಗ್ ಮೇಷ್ಟ್ರು. ಆರೂವರೆಗೆ ಸರಿಯಾಗಿ ಹೊರಡಬೇಕು ಎಂದು ಹಿಂದಿನ ಸಂಜೆ ನನ್ನ ಮನೆಗೆ ಬಂದು ಹೇಳಿ ಹೋಗಿದ್ದವರು ಅವರೇ. ಅವರು ಬಾಗಿಲು ದಾಟಿ ಬಂದಾಗ ವ್ಯಾನಿನ ಗಾಜಿಗೆ ಬಿಸಿಲು ಬಿದ್ದಿತ್ತು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಭತ್ತದ ಹೊಟ್ಟು ತುಂಬಿದ ಗೋಣಿಚೀಲ.

"ನಡೀರಿ ಮೇಡಂ, ತಡ ಆತು," ಎಂದರು, ತಡ ಮಾಡಿದವಳು ನಾನೇ ಎಂಬಂತೆ.

ಅವರು ತೀರಿಕೊಂಡು ಈಗ ಒಂದು ಮಳೆಗಾಲ ಕಳೆದಿದೆ. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ನೆನಪಿನ ಸಭೆ ಮಾಡಿದರು. "ಮೇಡಂ, ಒಂದೇ ಶಾಲೆಯಲ್ಲಿ ಇದ್ದೋರು, ಎದುರುಮನೆಯೋರು, ನೀವೇ ನಾಲ್ಕು ಮಾತಾಡಿ" ಎಂದರು. ನಾನು ಎದ್ದು ನಿಂತು ಅವರ ವಿದ್ಯಾರ್ಹತೆ, ಸೇವೆ ಸಲ್ಲಿಸಿದ ಊರುಗಳು, ನಿವೃತ್ತಿ ಎಲ್ಲವನ್ನೂ ಕ್ರಮವಾಗಿ ಹೇಳಿ ಕುಳಿತೆ. ಕುಳಿತ ಮೇಲೆ, ನಾನು ಹೇಳಿದ್ದು ಈ ರಾಜ್ಯದ ಯಾವ ಡ್ರಾಯಿಂಗ್ ಮೇಷ್ಟ್ರಿಗಾದರೂ ಹೊಂದುತ್ತದೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದವಳು. ಬೆಳಿಗ್ಗೆ ಐದಕ್ಕೆ ಏಳುವುದು, ಏಳೂವರೆಗೆ ತಿಂಡಿ, ಸಂಜೆ ಆರಕ್ಕೆ ದೀಪ. ನಿವೃತ್ತಿಯಾದ ಮೇಲೂ ಅದು ಬದಲಾಗಿಲ್ಲ. ಅವರದು ಇದಕ್ಕೆ ಪೂರ್ತಿ ಉಲ್ಟಾ. ಪ್ರಾರ್ಥನೆಗೆ ಬರುತ್ತಿದ್ದದ್ದು ರಾಷ್ಟ್ರಗೀತೆ ಮುಗಿಯುವ ಹೊತ್ತಿಗೆ. ಗೇಟಿನ ಹೊರಗೇ ನೆಟ್ಟಗೆ ನಿಂತು, ಗೀತೆ ಮುಗಿದ ಮೇಲೆ ಗಂಭೀರವಾಗಿ ಒಳಗೆ ನಡೆದು ಬರುತ್ತಿದ್ದರು. ಮುಖ್ಯೋಪಾಧ್ಯಾಯರು ಕೇಳಿದರೆ, "ಸರ್, ದೇಶಕ್ಕೆ ಗೌರವ ಕೊಡ್ತಾ ಇದ್ದೆ" ಎನ್ನುವರು.

ನಮ್ಮ ಶಾಲೆಯ ಗೋಡೆಯ ಮೇಲೆ ಅವರು ಬಿಡಿಸಿದ ದೊಡ್ಡದೊಂದು ಚಿತ್ರವಿತ್ತು. ಕೃಷ್ಣ ಅರ್ಜುನನಿಗೆ ಉಪದೇಶ ಮಾಡುತ್ತಿರುವುದು. ಮುಖಗಳು ಬಹಳ ಚೆನ್ನಾಗಿದ್ದವು. ಆದರೆ ನಾಲ್ಕು ಕುದುರೆಗಳ ಮುಂಗಾಲುಗಳು ಎದೆಯಿಂದ ಕೆಳಗೆ ಧೂಳಿನಲ್ಲಿ ಮುಚ್ಚಿಹೋಗಿದ್ದವು. ರಥ ನಿಂತಿರುವಾಗ ಅಷ್ಟು ಧೂಳು ಹೇಗೆ ಎಂದು ನಾನು ಒಮ್ಮೆ ಕೇಳಿದೆ.

"ಮೇಡಂ, ನಿಮಗೆ ಮಾತ್ರ ಹೇಳ್ತೀನಿ. ನನಗೆ ಹಿಂಗಾಲು ಬರ್ತದೆ. ಮುಂಗಾಲು ಬರೂದಿಲ್ಲ. ಅದು ಎದೆಗೆ ಎಲ್ಲಿ ಸೇರ್ತದೆ ಅನ್ನೋದೇ ಇವತ್ತಿನವರೆಗೂ ಗೊತ್ತಾಗಿಲ್ಲ," ಎಂದರು.

ಅದು ಅವರಿಗೆ ಗೊತ್ತಾಗಿದ್ದು ನಿವೃತ್ತಿಯಾದ ಮೇಲೆ, ಕೆಂಚಿ ಬಂದ ಮೇಲೆ.

ಕೆಂಚಿ ಅವರ ನಾಯಿಯಲ್ಲ. ಅವರ ಮಗಳನ್ನು ಸೊರಬದ ಕಡೆ ಉಳವಿಗೆ ಕೊಟ್ಟಿತ್ತು. ಅಲ್ಲಿಯ ಬೀಗರು ಜಮೀನುದಾರರು, ನಾಯಿ ಓಟದ ಹುಚ್ಚಿನವರು. ಕುಬಟೂರಿನ ಆಚೆ ಕೊಯ್ಲಾದ ಗದ್ದೆಬಯಲಿನಲ್ಲಿ ಸಂಕ್ರಾಂತಿಯ ಮರುದಿನ ಸುತ್ತಲಿನವರು ಸೇರಿ ನಾಯಿ ಓಡಿಸುತ್ತಾರೆ. ಕೆಂಚಿ ಅಲ್ಲಿ ಗೆದ್ದ ನಾಯಿ. ಗೆದ್ದ ವೇಗದಲ್ಲೇ ಗದ್ದೆಯ ಬದು ಹಾರಿ, ಸೊಂಟದಷ್ಟು ಕೆಳಗಿದ್ದ ಇನ್ನೊಂದು ಗದ್ದೆಗೆ ಮುಂಗಾಲೂರಿ ಬಿದ್ದು, ಎಡಭುಜ ಕೆಡಿಸಿಕೊಂಡಿತ್ತು. ಬೀಗರು ಅದನ್ನು ವ್ಯಾನಿನಲ್ಲಿ ತಂದು ಮೇಷ್ಟ್ರ ಅಂಗಳದಲ್ಲಿ ಇಳಿಸಿದರು.

"ಬೀಗ್ರೇ, ನಿಮಗೆ ಹೊತ್ತು ಹೋಗಲ್ಲ ಅಂತ ಮಗಳು ಹೇಳ್ತಿತ್ತು. ಇದನ್ನ ಇಟ್ಕಳಿ ಮಾರಾಯ್ರೆ. ಬರೋ ಸಂಕ್ರಾಂತಿಗೆ ಓಡಿದ್ರೆ ನನ್ನ ನಾಯಿ, ಓಡದಿದ್ರೆ ನಿಮ್ಮ ನಾಯಿ," ಎಂದು ಕಾಫಿ ಕುಡಿದು ಹೊರಟುಹೋದರು.

ಹೆಣ್ಣು ಕೊಟ್ಟವರು ಬೀಗರ ಮಾತಿಗೆ ಎದುರಾಡುವುದು ನಮ್ಮ ಕಡೆ ಈಗಲೂ ಇಲ್ಲ. ಮೇಷ್ಟ್ರು "ಆಗ್ಲಿ ಬೀಗ್ರೇ" ಎಂದರು. ಆ ದಿನ ಅವರಿಗೆ ನಾಯಿಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಒಂದು ವಾರದಲ್ಲಿ ಅದು ಅವರ ಕುರ್ಚಿಯ ಕೆಳಗೆ ಮಲಗತೊಡಗಿತು. ಎರಡನೆಯ ವಾರ ಅವರು ಕುರ್ಚಿ ಬಿಟ್ಟು ನೆಲದ ಮೇಲೆ, ಅದರ ಪಕ್ಕ ಕೂರತೊಡಗಿದರು. ಅಲ್ಲಿಂದ ಫಜೀತಿ ಶುರುವಾಯಿತು. ಚೆನ್ನಾಗಿ ಆರೈಕೆ ಮಾಡಿ ಗುಣಪಡಿಸಿದರೆ ನಾಯಿ ಉಳವಿಗೆ ಹೋಗುತ್ತದೆ. ಆರೈಕೆ ಮಾಡದಿದ್ದರೆ ಕುಂಟುತ್ತಾ ಇಲ್ಲೇ ಇರುತ್ತದೆ.

ಅವರು ಆರೈಕೆಯನ್ನೇ ಮಾಡಿದರು. ಅದರ ಬಗ್ಗೆ ಅವರಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ಅವರು ಅನುಮಾನಪಟ್ಟಿದ್ದೆಲ್ಲ ನನ್ನ ವಿಧಾನದ ಬಗ್ಗೆ.

ಪರಿಚಯದ ಪಶುವೈದ್ಯರೊಬ್ಬರು ನಾಯಿಯನ್ನು ನೋಡಿ, ಎಲುಬು ಮುರಿದಿಲ್ಲ, ಸ್ನಾಯು ಸೋತಿದೆ, ವಿಶ್ರಾಂತಿಯ ನಂತರ ನಿಧಾನವಾಗಿ ವ್ಯಾಯಾಮ ಮಾಡಿಸಿ ಎಂದಿದ್ದರು. ವ್ಯಾಯಾಮ ಎಂದ ಮೇಲೆ ನನ್ನನ್ನು ಕರೆಯದೆ ಇರುವುದು ಹೇಗೆ? ನಾನು ಮೊದಲ ದಿನವೇ ಸೀಟಿ ಕತ್ತಿಗೆ ಹಾಕಿಕೊಂಡು ಹೋದೆ. ಕೆರೆ ಏರಿಯ ಮೇಲೆ ಓಡಿಸೋಣ, ಮೆಟ್ಟಿಲು ಹತ್ತಿಸೋಣ, ಕಾಲನ್ನು ಪಕ್ಕಕ್ಕೆ ಎಳೆದು ಸಡಿಲ ಮಾಡೋಣ ಎಂದೆ.

"ಮೇಡಂ, ಇದು ನಾಯಿ. ಎಂಟನೇ ಕ್ಲಾಸು ಬಿ ಸೆಕ್ಷನ್ ಅಲ್ಲ," ಎಂದರು. "ಕಾಲು ಪಕ್ಕಕ್ಕೆ ಎಳೆದ್ರೆ ಕಿತ್ತೇ ಬರ್ತದೆ. ಬರ್ರಿಲ್ಲಿ, ಮುಟ್ಟಿ ನೋಡ್ರಿ."

ನನ್ನ ಕೈ ಹಿಡಿದು ಕೆಂಚಿಯ ಎದೆಯ ಮೇಲೆ ಇಡಿಸಿದರು. ನಮಗೆ ಕುತ್ತಿಗೆಯ ಬುಡದಲ್ಲಿ ಅಡ್ಡಕ್ಕೆ ಒಂದು ಎಲುಬಿದೆ. ಭುಜವನ್ನು ಎದೆಗೆ ಜೋಡಿಸುವುದು ಅದೇ. ನಾಯಿಗೆ ಅದು ಇಲ್ಲವೆಂದೇ ಹೇಳಬೇಕು. ಮುಂಗಾಲು ಪೂರ್ತಿ ಬರೀ ಮಾಂಸಖಂಡದಿಂದ ಮೈಗೆ ಅಂಟಿಕೊಂಡಿರುತ್ತದೆ.

"ಬೋಲ್ಟೇ ಇಲ್ಲ ಮೇಡಂ. ಕಟ್ಟಿದ್ದು, ಅಷ್ಟೆ. ನಾನು ಮೂವತ್ತು ವರ್ಷ ಕುದುರೆಗೆ ಬೋಲ್ಟು ಹುಡುಕ್ತಾ ಇದ್ದೆ. ಅದಕ್ಕೂ ಇಲ್ವಂತೆ, ಡಾಕ್ಟ್ರು ಹೇಳಿದ್ರು," ಎಂದರು. ಅವರ ಮುಖದಲ್ಲಿ ಆಗ ಕಂಡ ಸಂತೋಷ ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಕಂಡಿರಲಿಲ್ಲ.

ಓಟದವರು ಈ ಕಡೆಯೆಲ್ಲ ನಾಯಿಯ ಹಿಂದಿನ ತೊಡೆ ನೋಡುತ್ತಾರೆ. ಎಣ್ಣೆ ತಿಕ್ಕುವುದು ತೊಡೆಗೆ, ಮೊಟ್ಟೆ ತಿನ್ನಿಸುವುದು ತೊಡೆ ಬರಲಿ ಎಂದು. ಮುಂಗಾಲಿನ ಕಡೆ ಯಾರೂ ನೋಡುವುದಿಲ್ಲ. ಗೆದ್ದ ನಾಯಿ ಬದುವಿನ ಹತ್ತಿರ ನಿಲ್ಲಲಾರದೆ ಉರುಳಿದರೆ ದೃಷ್ಟಿಯಾಯಿತು ಎಂದು ನಿಂಬೆಹಣ್ಣು ನಿವಾಳಿಸುತ್ತಾರೆ. ಮೇಷ್ಟ್ರ ವಾದವೇ ಬೇರೆ. "ಎಂಜಿನ್ನು ಹಿಂದೆ ಇರ್ತದೆ, ಒಪ್ಪಿದೆ. ಬ್ರೇಕು, ಸ್ಟೇರಿಂಗು ಎರಡೂ ಮುಂದೆ ಅದಾವಲ್ಲ. ಓಡೋದು ಯಾವ ನಾಯಿಗೂ ಕಲಿಸ್ಬೇಕಿಲ್ಲ ಮೇಡಂ. ನಿಲ್ಲೋದು ಕಲಿಸ್ಬೇಕು." ಜೀವನದಲ್ಲಿ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಹೊರಡದ ಮನುಷ್ಯ ನಿಲ್ಲುವುದರ ಬಗ್ಗೆ ಇಷ್ಟು ಯೋಚಿಸಿದ್ದು ಸಹಜವೇ ಇರಬೇಕು.

ಪಾಠ ಹೀಗೆ ನಡೆಯುತ್ತಿತ್ತು. ಮೊದಲು ಕೆರೆ ಏರಿಯ ಮೇಲೆ ನಡಿಗೆ, ಮೈ ಬಿಸಿಯಾಗುವವರೆಗೆ. ತಣ್ಣಗಿನ ಮೈಯನ್ನು ಹಿಗ್ಗಿಸಬಾರದು ಎಂಬಲ್ಲಿ ಮಾತ್ರ ನನ್ನ ಶಾಸ್ತ್ರವೂ ಅವರದೂ ಒಂದೇ ಆಗಿತ್ತು. ಆಮೇಲೆ ಹಿತ್ತಲಲ್ಲಿ ಇಟ್ಟಿಗೆಗಳ ಮೇಲೆ ಅಡಿಕೆಮರ ಸೀಳಿದ ದಬ್ಬೆಗಳನ್ನು ಅಡ್ಡಡ್ಡ ಇಟ್ಟು ಅದರ ಮೇಲೆ ಒಂದೊಂದೇ ಕಾಲೆತ್ತಿ ದಾಟಿಸುವುದು. ಓಡಿ ಹಾರುವಂತಿಲ್ಲ. ನಾಯಿ ಯೋಚನೆ ಮಾಡಿ ಕಾಲಿಡಬೇಕು. ಆಮೇಲೆ ಹೊಟ್ಟಿನ ಚೀಲ. ಮುಂಗಾಲೆರಡನ್ನೂ ಆ ಚೀಲದ ಮೇಲೆ ಇಟ್ಟು ನಿಲ್ಲಿಸಿದರೆ ಅದು ಅತ್ತಿತ್ತ ಜರುಗುತ್ತದೆ. ಬೀಳದೆ ನಿಲ್ಲಲು ಭುಜದ ಸಣ್ಣಪುಟ್ಟ ಸ್ನಾಯುಗಳೆಲ್ಲ ಕೆಲಸ ಮಾಡಬೇಕಾಗುತ್ತದೆ. ಸಂಜೆ ಏರಿಯ ಇಳಿಜಾರಿನಲ್ಲಿ ನಿಧಾನವಾಗಿ ಇಳಿಸುವುದು. ಇಳಿಯುವಾಗ ಮೈಭಾರ ಮುಂಗಾಲಿಗೆ ಬರುತ್ತದೆ. ಭುಜ ಗಟ್ಟಿಯಾದ ಮೇಲೆ ಪಕ್ಕದ ಮನೆಯವರು ಕಟ್ಟಡಕ್ಕೆ ತರಿಸಿದ್ದ ಮರಳಿನ ಗುಡ್ಡೆಯಲ್ಲಿ ಬಿಸ್ಕತ್ತು ಹೂತು, ಅಗೆದು ತೆಗೆಯಲು ಬಿಡುತ್ತಿದ್ದರು. ಪಕ್ಕದ ಮನೆಯವರು ಒಂದು ದಿನ ಜಗಳಕ್ಕೆ ಬಂದರು. "ನಾಯಿ ನಿಮ್ಮ ಮರಳು ಜರಡಿ ಹಿಡೀತಾ ಇದೆ, ಅದಕ್ಕೆ ಕೂಲಿ ಯಾರು ಕೊಡ್ತಾರೆ?" ಎಂದು ಮೇಷ್ಟ್ರು ಅವರನ್ನೇ ಕೇಳಿದರು.

ಕಡೆಯದು ನಮಸ್ಕಾರ. ನಾಯಿ ಮುಂಗೈಗಳನ್ನು ಉದ್ದಕ್ಕೆ ಚಾಚಿ, ಮೊಣಕೈ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಬಾಗಬೇಕು. ಭುಜ ಹಿಗ್ಗಲು ಇದಕ್ಕಿಂತ ಒಳ್ಳೆಯದಿಲ್ಲ. ಎಲ್ಲ ನಾಯಿಗಳೂ ಎದ್ದ ಕೂಡಲೇ ತಾವಾಗಿಯೇ ಮಾಡುತ್ತವೆ. ನಾವು ಹೇಳಿದಾಗ ಮಾಡಬೇಕು ಎನ್ನುವುದೇ ಕಷ್ಟ. ಇದಕ್ಕೆ ನನ್ನ ಸೀಟಿ ಬೇಕು ಎಂದರು ಮೇಷ್ಟ್ರು.

"ನಿಮ್ಮ ಸೀಟಿಗೆ ಮುನ್ನೂರು ಮಕ್ಕಳು ಬಗ್ತಿದ್ರು. ಒಂದು ನಾಯಿ ಬಗ್ಗಲ್ವ?"

ನನಗೆ ಹೆಮ್ಮೆಯಾಯಿತು. ಸೀಟಿ ಊದುವುದು, ನಾಯಿ ಬಾಗುವುದು, ತಿನ್ನಲು ಒಂದು ಚೂರು ಕೊಡುವುದು. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಬೀದಿಯ ಆ ತುದಿಯಲ್ಲಿ ಊದಿದರೂ ಕೆಂಚಿ ಈ ತುದಿಯಲ್ಲಿ ಬಾಗುತ್ತಿತ್ತು. ಸೀಟಿಯಿಲ್ಲದೆ ಇದನ್ನು ಮಾಡಿಸಲು ಮೇಷ್ಟ್ರು ಒಮ್ಮೆಯೂ ಪ್ರಯತ್ನಿಸಲಿಲ್ಲ. ನಾನು ಒಂದು ದಿನ ಬರದಿದ್ದರೆ ಆ ದಿನ ನಮಸ್ಕಾರವೇ ಇಲ್ಲ.

ಅವರ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಎಲ್ಲ ನೋಡುತ್ತಿದ್ದರು. "ಆ ನಾಯಿ ಕೈಗೆ ಮಾಡೋ ಸೇವೆಯ ಕಾಲುಭಾಗ ನನ್ನ ಮಂಡಿಗೆ ಮಾಡಿದ್ರೆ ನಾನೂ ಸಂಕ್ರಾಂತಿಗೆ ಓಡ್ತಿದ್ದೆ ಕಣ್ರೀ," ಎಂದು ನನ್ನನ್ನು ಕರೆದು ಹೇಳುವರು.

"ಓಡಿದ್ರೆ ಬೀಗ್ರು ಕರ್ಕೊಂಡು ಹೋಗ್ತಾರೆ, ಬ್ಯಾಡ," ಎನ್ನುವರು ಮೇಷ್ಟ್ರು, ನಾಯಿಯ ಭುಜದಿಂದ ಕಣ್ಣೆತ್ತದೆ.

ತಮಾಷೆಯೇನೋ ಸರಿ. ಆದರೆ ದೀಪಾವಳಿ ಕಳೆದ ಮೇಲೆ ಅವರು ಮಾತು ಕಡಿಮೆ ಮಾಡಿದ್ದನ್ನು ನಾನು ಗಮನಿಸಿದ್ದೆ. ಕೆಂಚಿಯ ನಡಿಗೆಯಲ್ಲಿ ಕುಂಟು ಉಳಿದಿರಲಿಲ್ಲ. ಏರಿಯ ಮೇಲೆ ಬಿಟ್ಟರೆ ಬಾಣದಂತೆ ಹೋಗಿ, ಅವರು ಕೈಯೆತ್ತಿದ ಜಾಗದಲ್ಲಿ ಒಂದಿಷ್ಟೂ ಜಾರದೆ ನಿಲ್ಲುತ್ತಿತ್ತು. ನೋಡಿದವರು ಭೇಷ್ ಎಂದರೆ ಅವರು ಬೇರೆ ಕಡೆ ನೋಡುತ್ತಿದ್ದರು.

ಹೀಗೆ ನಾವು ಆ ಬೆಳಿಗ್ಗೆ ವ್ಯಾನು ಹತ್ತಿ ಬಯಲು ತಲುಪಿದೆವು. ಬೀಗರು ಆಗಲೇ ಬಂದಿದ್ದರು, ಜರಿ ಅಂಚಿನ ಪಂಚೆ, ಪಕ್ಕದಲ್ಲಿ ಅವರ ಹೊಸ ನಾಯಿ ಕರಿಯ. ಕೆಂಚಿಯ ತೊಡೆ ತಟ್ಟಿ ನೋಡಿ, "ಎಂತ ಬೀಗ್ರೇ, ತೊಡೆ ಹಂಗೇ ಅದೆಯಲ, ಏನೂ ತಿನ್ನಿಸಿಲ್ವ?" ಎಂದರು. ಮೇಷ್ಟ್ರು ನಕ್ಕರು.

ಅಲ್ಲಿಯ ಕ್ರಮ ಹೀಗೆ: ಒಂದು ತುದಿಯಲ್ಲಿ ನಾಯಿಗಳನ್ನು ಹಿಡಿದುಕೊಂಡಿರುತ್ತಾರೆ. ಇನ್ನೊಂದು ತುದಿಯಲ್ಲಿ, ಬದುವಿನ ಈಚೆ, ಯಜಮಾನರು ನಿಂತು ಕೂಗಿ ಕರೆಯುತ್ತಾರೆ. ನಾಯಿ ಹಿಡಿಯುವ ಕೆಲಸ ನನಗೆ ಬಂತು. ಕೊಯ್ದ ಭತ್ತದ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಸಾಲಾಗಿ ನಾಯಿಗಳು ನಿಂತವು. ಓಟ ಬಿಡುವ ಯುವಕ ಮುಂದೆ ಬಂದ. ಬಾವುಟವಿರಬೇಕು ಎಂದು ನಾನು ಅಂದುಕೊಂಡಿದ್ದೆ. ಅವನು ಜೇಬಿನಿಂದ ಸೀಟಿ ತೆಗೆದು ಊದಿದ.

ಎಲ್ಲ ನಾಯಿಗಳೂ ಹಾರಿದವು. ಕೆಂಚಿ ಮುಂಗೈ ಚಾಚಿ, ಮೊಣಕೈ ನೆಲಕ್ಕೆ ತಾಗಿಸಿ, ಅಚ್ಚುಕಟ್ಟಾಗಿ ನಮಸ್ಕಾರ ಮಾಡಿತು. ಮಾಡಿ ನನ್ನ ಮುಖ ನೋಡಿತು, ತಿನ್ನಲು ಚೂರು ಎಲ್ಲಿ ಎಂದು.

ಬಯಲಿಗೆ ಬಯಲೇ ನಕ್ಕಿತು. "ದೇವಸ್ಥಾನಕ್ಕೆ ಕರ್ಕೊಂಡು ಹೋಗೋದು ಬಿಟ್ಟು ಇಲ್ಲಿಗೆ ತಂದಾರೆ," ಎಂದ ಒಬ್ಬ. "ಅಜ್ಜಿ, ಮಂಗಳಾರತಿ ಯಾವಾಗ?" ಎಂದ ಇನ್ನೊಬ್ಬ. ನಾನು ಕಲಿಸಿದ ವ್ಯಾಯಾಮಕ್ಕೆ ಸಾರ್ವಜನಿಕವಾಗಿ ಇಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಆ ತುದಿಯಿಂದ ಕೂಗು ಬಂತು. "ಕೆಂಚೀ, ಬಾರೇ." ಮೇಷ್ಟ್ರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ನಲವತ್ತು ಮಕ್ಕಳ ತರಗತಿಯಲ್ಲೂ ದನಿ ಎತ್ತದ ಮನುಷ್ಯ ಬಯಲು ಸೀಳುವ ಹಾಗೆ ಕೂಗಿದರು.

ಕೆಂಚಿ ಹೋದ ರೀತಿಯನ್ನು ನಾನು ಹೇಳಲಾರೆ. ಮುಂಗಾಲು ಅಷ್ಟು ದೂರ ಚಾಚುವುದನ್ನು ನಾನು ಯಾವ ನಾಯಿಯಲ್ಲೂ ನೋಡಿಲ್ಲ. ಒಂದೊಂದನ್ನೇ ಹಿಂದೆ ಹಾಕಿ ಮೂರನೆಯದಾಗಿ ಗೆರೆ ಮುಟ್ಟಿತು, ಮೇಷ್ಟ್ರ ಕಾಲ ಬುಡದಲ್ಲಿ ಗಕ್ಕನೆ ನಿಂತಿತು. ಮೊದಲು ಬಂದಿದ್ದ ಕರಿಯ ನಿಲ್ಲಲಾರದೆ ಬದು ಹಾರಿ ಕೆಳಗಿನ ಗದ್ದೆಗೆ ಬಿತ್ತು. ನಾನು ನಡೆದು ಆ ತುದಿ ತಲುಪುವ ಹೊತ್ತಿಗೆ ಕರಿಯ ಒಂದು ಮುಂಗಾಲನ್ನು ಎತ್ತಿ ಹಿಡಿದು ಮೂರು ಕಾಲಲ್ಲಿ ಮೇಲೆ ಬಂದಿತ್ತು. ಬೀಗರು ಗೆದ್ದ ನಾಯಿಯನ್ನು ನೋಡುತ್ತಿರಲಿಲ್ಲ. ಕೆಂಚಿಯನ್ನು ನೋಡುತ್ತಿದ್ದರು.

"ಪೂಜೆ ಮುಗಿಸಿ ಹೊರಟು ಮೂರನೇದು ಬಂತು ಅಂದ್ರೆ, ನೆಟ್ಟಗೆ ಬಿಟ್ಟಿದ್ರೆ ಎಂತ ಆಗ್ತಿತ್ತು ಮಾರಾಯ್ರೆ," ಎಂದರು. "ಮಾತು ಮಾತೇ ಬೀಗ್ರೇ. ನನ್ನ ನಾಯಿ ನಾನು ಕರ್ಕೊಂಡು ಹೋಗ್ತೆ."

"ಆಗ್ಲಿ ಬೀಗ್ರೇ," ಎಂದರು ಮೇಷ್ಟ್ರು.

ಹೊಟ್ಟಿನ ಚೀಲವನ್ನು ವ್ಯಾನಿನಿಂದ ತರಿಸಿ, ಗದ್ದೆಯಲ್ಲೇ ಬೀಗರಿಗೆ ಪಾಠ ಶುರುಮಾಡಿದರು. ಜರಿ ಪಂಚೆ ಮೇಲಕ್ಕೆ ಕಟ್ಟಿಸಿ, ಮಂಡಿಯೂರಿ ಕೂರಿಸಿ, ಕೆಂಚಿಯ ಮುಂಗೈಯನ್ನು ಬೀಗರ ಅಂಗೈಯಲ್ಲಿ ಇಡಿಸಿದರು. "ಹಿಂದಕ್ಕೆ, ಮುಂದಕ್ಕೆ ಅಷ್ಟೆ. ಪಕ್ಕಕ್ಕೆ ಎಳೀಬ್ಯಾಡ್ರಿ. ಅದು ಮುಖ ತಿರುಗಿಸ್ತು ಅಂದ್ರೆ ಸಾಕು ಅಂತ ಅರ್ಥ, ಬಿಟ್ಟುಬಿಡ್ರಿ." ಉಳವಿಯಲ್ಲಿ ಯಾರ ಮಾತಿಗೂ ಬಗ್ಗದ ಬೀಗರು ಕೂಳೆಯ ಮೇಲೆ ಕೂತು "ಹ್ಞೂ, ಹ್ಞೂ" ಎನ್ನುತ್ತಿದ್ದರು. ಮಂಡಿ ಬಹಳ ಚುಚ್ಚಿರಬೇಕು.

ಎದ್ದ ಮೇಲೆ ಅವರು ಕರಿಯನ ಕಡೆ ಕೈ ತೋರಿಸಿದರು. "ಇದನ್ನ ನೀವು ತಗೊಂಡು ಹೋಗಿ. ಅದೇ ಕರಾರು."

ಕೆಂಚಿ ಬೀಗರ ವ್ಯಾನು ಹತ್ತಿತು. ಗಾಜಿನಿಂದ ನಮ್ಮನ್ನೇ ನೋಡಿತು ಎಂದು ಬರೆಯಬಹುದು, ಆದರೆ ಅದು ನೋಡಿದ್ದು ಸೀಟಿನ ಮೇಲಿದ್ದ ಕೋಡುಬಳೆಯ ಪೊಟ್ಟಣವನ್ನು. ಮೇಷ್ಟ್ರು ಮಾತ್ರ ವ್ಯಾನಿನ ಧೂಳು ಕೂತ ಮೇಲೂ ಅಲ್ಲೇ ನಿಂತಿದ್ದರು.

ದಾರಿಯಲ್ಲಿ ನಾನು ನೇರವಾಗಿ ಕೇಳಿದೆ. "ಅಲ್ಲಿ ಸೀಟಿ ಊದ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಹಿಂದಿನ ವರ್ಷ ನೋಡಿದ್ದೆ."

"ಅದಕ್ಕೇನಾ ನಮಸ್ಕಾರಕ್ಕೆ ನನ್ನ ಸೀಟಿನೇ ಬೇಕು ಅಂದಿದ್ದು?"

ಅವರು ಕರಿಯನ ತಲೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. "ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ಊರಲ್ಲಿ ನಂಬಿಕಸ್ತ ಸೀಟಿ ಅದೊಂದೇ."

ನನಗೆ ಸಿಟ್ಟು ಬಂದಿತ್ತು. ನಿಯಮಕ್ಕೆ ನಿಂತು ಬದುಕಿದವಳ ಕೈಯಿಂದ ಇಷ್ಟು ದಿನ ಒಂದು ಮೋಸ ಮಾಡಿಸಿದ್ದರು. ಬೀಗರನ್ನು ನೇರವಾಗಿ ಕೇಳಬಹುದಿತ್ತಲ್ಲ ಎಂದೆ.

"ಕೇಳಿದ್ರೆ ಕೊಡ್ತಿದ್ರು. ಆಮೇಲೆ ಪ್ರತಿ ಹಬ್ಬಕ್ಕೂ ನನ್ನ ಮಗಳ ಮುಂದೆ, ನಿಮ್ಮಪ್ಪ ನನ್ನ ನಾಯಿ ಇಟ್ಕಂಡ್ರು ಅಂತಿದ್ರು. ಅವಳು ಕೇಳ್ಬೇಕಲ್ಲ ಅದನ್ನ."

"ಹಂಗಾದ್ರೆ ಕೊನೇಲಿ ಕೂಗಿ ಕರೆದಿದ್ದು ಯಾಕೆ? ಸುಮ್ಮನೆ ನಿಂತಿದ್ರೆ ಅದು ಅಲ್ಲೇ ಇರ್ತಿತ್ತು, ನಾಯಿ ನಿಮ್ಮದೇ ಆಗ್ತಿತ್ತು."

ಅವರು ಕಿಟಕಿಯ ಕಡೆ ಮುಖ ಮಾಡಿ, "ಜನ ನಗ್ತಿದ್ರಲ್ಲ ಮೇಡಂ ಅದನ್ನ ನೋಡಿ," ಎಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಚಾಲಕ ಹಾಡು ಹಾಕಲು ಹೋದ. ಬೇಡ ಎಂದೆ.

ಶಿಕಾರಿಪುರಕ್ಕೆ ಬಂದು ಮೊದಲು ಪಶುವೈದ್ಯರ ಮನೆಗೆ ಹೋದೆವು; ಅವರು ಹಳ್ಳಿಯಿಂದ ಬರುವಾಗ ಸಂಜೆಯಾಯಿತು. ಅವರು ಕರಿಯನ ಭುಜ ಒತ್ತಿ ನೋಡಿ, ಏನೂ ಮುರಿದಿಲ್ಲ, ತಣ್ಣೀರು ಬಟ್ಟೆ ಹಾಕಿ, ಕಟ್ಟಿಹಾಕಿ ವಿಶ್ರಾಂತಿ ಕೊಡಿ, ಒಂದೆರಡು ತಿಂಗಳಲ್ಲಿ ಓಡುತ್ತದೆ ಎಂದರು. ಮನೆ ಮುಟ್ಟಿದಾಗ ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ವ್ಯಾನಿನಿಂದ ಇಳಿದ ನಾಯಿಯನ್ನು ನೋಡಿದರು. ಗಂಡನನ್ನು ನೋಡಿದರು.

"ಹೋಗೋವಾಗ ಕೆಂಪಗಿತ್ತು," ಎಂದರು.

ಆಕೆ ಒಳಗೆ ಹೋಗಿ ಒಂದು ಹಳೆಯ ಟವೆಲ್ಲು, ಬೋಗುಣಿಯಲ್ಲಿ ತಣ್ಣೀರು ತಂದು ಜಗುಲಿಯ ಮೇಲೆ ಇಟ್ಟರು. ನಾಯಿಗೆ ಹಾಸಲು ತಮ್ಮದೊಂದು ಹಳೆಯ ಸೀರೆಯನ್ನೂ ತಂದರು.

ಸಂಜೆ ಆರಾಗುತ್ತಿತ್ತು. ನನ್ನ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ನಾನು ಏಳಲಿಲ್ಲ. ಮೇಷ್ಟ್ರು ಕರಿಯನ ತಲೆ ಹಿಡಿದುಕೊಂಡರು, ನಾನು ಬಟ್ಟೆ ನೆನೆಸಿ, ಹಿಂಡಿ, ಭುಜದ ಮೇಲೆ ಇಟ್ಟೆ. ಬಿಸಿಯಾದ ಬಟ್ಟೆ ತೆಗೆದು ಮತ್ತೆ ತಣ್ಣಗಿನದು. ಕರಿಯ ಮೊದಲು ಗುರ್ ಎಂದಿತು. ಆಮೇಲೆ ಕಣ್ಣು ಮುಚ್ಚಿತು.

"ನಾಳೆಯಿಂದ ಒಂದು ವೇಳಾಪಟ್ಟಿ ಮಾಡೋಣ," ಎಂದೆ. "ಡಾಕ್ಟ್ರು ಎರಡು ತಿಂಗಳು ಅಂದಿದ್ದಾರೆ. ಕ್ರಮವಾಗಿ ಮಾಡಿದ್ರೆ ಬರೋ ಸಂಕ್ರಾಂತಿಗೆ ಆರಾಮಾಗಿ ಓಡ್ತದೆ."

ಮೇಷ್ಟ್ರು ನಾಯಿಯ ಭುಜದ ಮೇಲೆ ಬೆರಳಾಡಿಸಿದರು.

"ಡಾಕ್ಟ್ರಿಗೆ ಯಾವಾಗ್ಲೂ ಅವಸರ ಮೇಡಂ. ನನಗೇನೋ ಇದು ಬಹಳ ಆಳದ ಪೆಟ್ಟು ಅನ್ನಿಸ್ತದೆ. ಬರೋ ಸಂಕ್ರಾಂತಿಗೆ ಆಗಲಿಕ್ಕಿಲ್ಲ. ಅದರ ಮುಂದಿನದಕ್ಕೂ ಅನುಮಾನ. ನೀವು ಏನಂತೀರಿ?"

ಮೂವತ್ತು ವರ್ಷ ನಾನು ಯಾರಿಗೂ ಒಂದು ನಿಮಿಷದ ರಿಯಾಯಿತಿ ಕೊಟ್ಟವಳಲ್ಲ. ಕರಿಯನ ಭುಜವನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಪರವಾಗಿಲ್ಲ, ಗಟ್ಟಿಯಾಗಿಯೇ ಇತ್ತು.

"ನಾಲ್ಕು ವರ್ಷ ಬೇಕಾದೀತು," ಎಂದೆ.

ಬೋಗುಣಿಯ ನೀರನ್ನು ತುಳಸಿಯ ಆಚೆ ಚೆಲ್ಲಿ, ಟವೆಲ್ಲನ್ನು ಹಿಂಡಿ ಹಗ್ಗದ ಮೇಲೆ ಹರವಿದೆ.